ನಜ್ಜಾಶಿಯ ದರ್ಬಾರಿನಲ್ಲಿ ಎರಡು ವಿಚಾರಣೆ

ಆಶ್ರಯ ಕೋರಿ ಬಂದವರನ್ನು ಉಳಿಸಿಕೊಳ್ಳಬೇಕೇ, ಹಿಂದಕ್ಕೆ ಕಳುಹಿಸಬೇಕೇ ಎಂಬ ಪ್ರಶ್ನೆಯನ್ನು ಇಂದು ಹಲವು ದೇಶಗಳ ವಲಸೆ ಅಧಿಕಾರಿಗಳು ದಿನವೂ ತೀರ್ಮಾನಿಸುತ್ತಾರೆ. ಕ್ರಿ.ಶ. 615ರ ಬಳಿಕ ಇದೇ ಪ್ರಶ್ನೆ ಅಬಿಸೀನಿಯದ ದೊರೆ ನಜ್ಜಾಶಿಯ ಮುಂದೆ ಬಂದಿತ್ತು. ಅಂದು ತೀರ್ಪಿಗಾಗಿ ಕಾದವರು ಪ್ರವಾದಿವರ್ಯರ(ಸ) ಸಂಗಾತಿಗಳು.

ಈ ವೃತ್ತಾಂತವನ್ನು ನಮಗೆ ತಲುಪಿಸಿದವರು ಆ ವಲಸಿಗರಲ್ಲಿ ಒಬ್ಬರಾಗಿದ್ದ ಉಮ್ಮು ಸಲಮ(ರ). ಮಕ್ಕಾದ ಹಿಂಸೆ ತಾಳಲಾರದೆ ಸಮುದ್ರ ದಾಟಿದವರನ್ನು ಮರಳಿ ತರಲು ಕುರೈಶರು ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಅರನ್ನು ಕಳುಹಿಸಿದರು. ಅವರು ಮೊದಲು ಹೋದದ್ದು ದರ್ಬಾರಿನ ಪ್ರಮುಖರ ಬಳಿಗೆ. ಒಬ್ಬೊಬ್ಬರಿಗೂ ಉಡುಗೊರೆ ಕೊಟ್ಟು, ವಲಸಿಗರ ಮಾತು ಕೇಳದೆಯೇ ಅವರನ್ನು ಒಪ್ಪಿಸುವಂತೆ ದೊರೆಗೆ ಹೇಳಿರಿ ಎಂದರು. ಪ್ರಮುಖರು ಹಾಗೆಯೇ ಹೇಳಿದರು. ಇವರ ಸಂಗತಿ ಇವರ ಊರಿನವರಿಗೇ ಚೆನ್ನಾಗಿ ಗೊತ್ತು ಎಂಬುದು ಅವರ ವಾದ.

ನಜ್ಜಾಶಿ ಕೋಪಗೊಂಡರು. ತನ್ನನ್ನು ನಂಬಿ ಬಂದವರನ್ನು ವಿಚಾರಿಸದೆ ಒಪ್ಪಿಸಲಾರೆ ಎಂದು ಕರೆ ಕಳುಹಿಸಿದರು. ಜಅಫರ್ ಬಿನ್ ಅಬೂತಾಲಿಬ್(ರ) ಎಲ್ಲವನ್ನೂ ವಿವರಿಸಿ, ಸೂರಃ ಮರ್ಯಮ್‌ನ ಆರಂಭದ ಭಾಗವನ್ನು ಓದಿದಾಗ ದೊರೆಯ ಕಣ್ಣೀರಿನಿಂದ ಗಡ್ಡ ತೊಯ್ದಿತು.

ಮರುದಿನ ಅಮ್ರ್ ಹೊಸ ಆರೋಪ ತಂದರು: ಇವರು ಈಸಾ(ಅ)ರ ಬಗ್ಗೆ ಘೋರ ಮಾತನ್ನಾಡುತ್ತಾರೆ. ಕ್ರೈಸ್ತ ದೊರೆಯ ವಿಶ್ವಾಸಕ್ಕೇ ತಾಗುವ ಮಾತದು. ಆದರೂ ಅವರು ಆತುರಪಡಲಿಲ್ಲ, ಮತ್ತೆ ಕರೆಸಿ ಕೇಳಿದರು. ಏನೇ ಆಗಲಿ ಸತ್ಯವನ್ನೇ ಹೇಳುವುದೆಂದು ಮುಸ್ಲಿಮರು ನಿರ್ಧರಿಸಿದ್ದರು. ಈಸಾ(ಅ) ಅಲ್ಲಾಹನ ದಾಸರು ಮತ್ತು ಸಂದೇಶವಾಹಕರು ಎಂದು ಜಅಫರ್(ರ) ಹೇಳಿದರು. ಪ್ರಮುಖರು ಗೊಣಗಿದರೂ ದೊರೆ ಅಭಯ ನೀಡಿ, ಕುರೈಶರ ಉಡುಗೊರೆಗಳನ್ನು ಹಿಂತಿರುಗಿಸಿದರು.

ಈ ತತ್ವವನ್ನು ಆಧುನಿಕ ಕಾನೂನು ಸುಲಭವಾಗಿ ಒಪ್ಪಲಿಲ್ಲ. 1980ರ ದಶಕದ ಆರಂಭದಲ್ಲಿ ಕೆನಡಾದಲ್ಲಿ ಆಶ್ರಯ ಕೇಳಿದವರ ಹೇಳಿಕೆಯನ್ನು ಒಬ್ಬ ಅಧಿಕಾರಿ ಬರೆದುಕೊಳ್ಳುತ್ತಿದ್ದರು. ಆ ಕಾಗದ ನೋಡಿ ತೀರ್ಮಾನಿಸುವವರು ಬೇರೆಯವರು. ಅವರು ಅರ್ಜಿದಾರರ ಮುಖವನ್ನೇ ಕಾಣುತ್ತಿರಲಿಲ್ಲ. ಇದನ್ನು ಪ್ರಶ್ನಿಸಿದವರಲ್ಲಿ ಹೆಚ್ಚಿನವರು ಭಾರತದ ಸಿಖ್ಖರು. 1985ರ ಏಪ್ರಿಲ್ 4ರಂದು ಅಲ್ಲಿನ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ಒಬ್ಬರ ಮಾತನ್ನು ನಂಬುವುದೋ ಬಿಡುವುದೋ ಎಂಬುದೇ ಪ್ರಶ್ನೆಯಾದಾಗ ಅವರನ್ನು ಎದುರಿಗೆ ಕೂರಿಸಿ ಕೇಳಬೇಕು ಎಂಬುದು ಅದರ ಸಾರ. 1989ರಲ್ಲಿ ಅಲ್ಲಿ ಇದಕ್ಕಾಗಿಯೇ ಹೊಸ ಮಂಡಳಿ ಕೆಲಸ ಆರಂಭಿಸಿತು.

ಕೇಳುವುದೆಂದರೆ ಎಲ್ಲರನ್ನೂ ಒಪ್ಪಿಕೊಳ್ಳುವುದು ಎಂದಲ್ಲ. ಕೇಳಿದ ಮೇಲೆಯೂ 'ಇಲ್ಲ' ಎನ್ನಬಹುದು. ಆದರೆ ಕೇಳದೆ ಹೇಳಿದ 'ಇಲ್ಲ' ನ್ಯಾಯವಲ್ಲ. ಅಲಿ(ರ)ರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳುಹಿಸುವಾಗ ಪ್ರವಾದಿವರ್ಯರು(ಸ), ಎರಡನೆಯವನ ಮಾತು ಕೇಳದೆ ತೀರ್ಪು ಕೊಡಬೇಡಿ ಎಂದೇ ಉಪದೇಶಿಸಿದ್ದರು.

ಪರದೇಶದ ಕಚೇರಿಗಳಿಂದ ನಾವು ನ್ಯಾಯ ನಿರೀಕ್ಷಿಸುತ್ತೇವೆ. ನಮ್ಮ ಮಸೀದಿಯ ಜಮಾಅತ್ ಸಭೆಯಲ್ಲಿ, ನಮ್ಮ ಮನೆಯ ಸೊಸೆಯ ವಿಷಯದಲ್ಲಿ, ಬಾಡಿಗೆಗೆ ಬಂದ ಹೊರ ರಾಜ್ಯದ ಕೂಲಿಕಾರನ ವಿಷಯದಲ್ಲಿ ನಾವು ಎಷ್ಟು ಸಲ ಎರಡನೆಯವರ ಮಾತು ಕೇಳಿದ್ದೇವೆ? ಒಬ್ಬ ಕ್ರೈಸ್ತ ದೊರೆ ಕೇಳಿದ್ದರಿಂದ ನಮ್ಮ ಹಿರಿಯರು ಉಳಿದರು. ಆ ಋಣ ನಮ್ಮ ಮೇಲಿದೆ.