ಕೈಗೆ ಒಗ್ಗುವ ಕೋಲು

ಬಿಲಿಯರ್ಡ್ಸ್, ಸ್ನೂಕರ್, ಪೂಲ್ ಆಡುವವರು ಹಿಡಿಯುವ ಕೋಲಿಗೆ ಕ್ಯೂ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಬಾಲ ಎಂದು ಅರ್ಥ. ರೇಷನ್ ಅಂಗಡಿಯ ಮುಂದೆ ನಾವು ನಿಲ್ಲುವ ಕ್ಯೂ ಕೂಡ ಅದೇ ಬಾಲ. ಸಾಲು ಬಾಲದಂತೆ ಉದ್ದವಾಗಿರುತ್ತದೆ, ಸರಿ. ಆಟದ ಕೋಲಿಗೇಕೆ ಬಾಲದ ಹೆಸರು ಬಂತು? ಈ ಸಣ್ಣ ಪ್ರಶ್ನೆಯ ಹಿಂದೆ ಹೋದರೆ, ಇಂದು ಆಟಗಾರರು 'ಈ ಕ್ಯೂ ನನ್ನ ಕೈಗೆ ಒಗ್ಗಲಿಲ್ಲ' ಎನ್ನುವಾಗ ಏನು ಹೇಳುತ್ತಿದ್ದಾರೆ ಎನ್ನುವುದೂ ಸ್ವಲ್ಪ ತಿಳಿಯುತ್ತದೆ.

ಬಿಲಿಯರ್ಡ್ಸ್ ಮೊದಲು ಯುರೋಪಿನ ಹುಲ್ಲುಹಾಸಿನ ಮೇಲೆ ಆಡುತ್ತಿದ್ದ ಆಟಗಳಿಂದ ಹುಟ್ಟಿತು. ಅದನ್ನು ಒಳಾಂಗಣದ ಮೇಜಿನ ಮೇಲೆ ತಂದಾಗ ಹಸಿರು ಬಟ್ಟೆ ಹುಲ್ಲಿನ ನೆನಪಾಗಿ ಉಳಿಯಿತು. ಆಗ ಆಟಗಾರರ ಕೈಯಲ್ಲಿದ್ದದ್ದು ಮೇಸ್ ಎಂಬ ಸಾಧನ. ತೆಳ್ಳನೆಯ ಹಿಡಿ, ತುದಿಯಲ್ಲಿ ಚಪ್ಪಟೆಯಾದ ಮರದ ತಲೆ. ಅದರಿಂದ ಚೆಂಡಿಗೆ ಹೊಡೆಯುವುದಕ್ಕಿಂತ ಚೆಂಡನ್ನು ನೂಕುವುದೇ ಹೆಚ್ಚು. ಚೆಂಡು ಮೇಜಿನ ಅಂಚಿಗೆ ತಾಗಿ ನಿಂತಾಗ ಮಾತ್ರ ಈ ದಪ್ಪ ತಲೆ ಅಲ್ಲಿಗೆ ಹೋಗುತ್ತಿರಲಿಲ್ಲ. ಆಗ ಆಟಗಾರರು ಮೇಸನ್ನು ತಿರುಗಿಸಿ ಹಿಡಿಯ ತುದಿಯಿಂದ, ಅಂದರೆ ಬಾಲದಿಂದ, ಚೆಂಡಿಗೆ ಹೊಡೆಯುತ್ತಿದ್ದರು. ಬಾಲದಿಂದ ಹೊಡೆದರೆ ಗುರಿ ಚೆನ್ನಾಗಿ ಸಿಗುತ್ತದೆ ಎಂದು ಗೊತ್ತಾದ ಮೇಲೆ ತಲೆ ಕ್ರಮೇಣ ಮಾಯವಾಯಿತು, ಬಾಲವೇ ಆಟದ ಸಾಧನವಾಯಿತು.

ಈ ಬದಲಾವಣೆ ಎಲ್ಲರಿಗೂ ಒಮ್ಮೆಗೇ ಸಿಗಲಿಲ್ಲ. ಚೂಪು ತುದಿಯಿಂದ ದುಬಾರಿ ಬಟ್ಟೆ ಹರಿದೀತು ಎಂಬ ಭಯವಿತ್ತು. ಹಾಗಾಗಿ ನುರಿತ ಗಂಡಸರು ಕ್ಯೂ ಹಿಡಿದರೂ ಹೊಸಬರು ಮತ್ತು ಹೆಂಗಸರು ಬಹುಕಾಲ ಮೇಸಿನಲ್ಲೇ ಆಡಬೇಕಾಯಿತು. ಯಾವ ಕೈಗೆ ಯಾವ ಕೋಲು ಒಗ್ಗುತ್ತದೆ ಎನ್ನುವುದನ್ನು ಕೈ ತೀರ್ಮಾನಿಸುವ ಮೊದಲೇ ಮನೆಯ ಯಜಮಾನರು, ಆಟದ ಕೋಣೆಯ ಮಾಲೀಕರು ತೀರ್ಮಾನಿಸಿ ಆಗಿತ್ತು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಹೊಸ ಕ್ಯೂ ಕೂಡ ಮೊದಮೊದಲು ಬರಿಯ ಮರದ ಕೋಲು. ಗಟ್ಟಿ ಮರದ ತುದಿ ನುಣುಪಾದ ಆನೆದಂತದ ಚೆಂಡಿಗೆ ತಾಗಿದರೆ ಸುಲಭವಾಗಿ ಜಾರುತ್ತದೆ. ಚೆಂಡಿನ ನಡುಮಧ್ಯಕ್ಕೆ ಹೊಡೆಯುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ಇದನ್ನು ಬದಲಿಸಿದವರು ಫ್ರೆಂಚ್ ಸೇನೆಯ ಕ್ಯಾಪ್ಟನ್ ಫ್ರಾನ್ಸ್ವಾ ಮಿಂಗೋ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅವರು ಕ್ಯೂವಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸಿದರು. ಸೆರೆಮನೆಯಲ್ಲಿದ್ದಾಗ ಇದು ಹೊಳೆಯಿತು, ಬಿಡುಗಡೆಯ ದಿನ ಬಂದರೂ ಅಭ್ಯಾಸ ಮುಗಿಸಲೆಂದು ಇನ್ನಷ್ಟು ದಿನ ಅಲ್ಲೇ ಉಳಿಯಲು ಕೇಳಿಕೊಂಡರು ಎಂಬ ರಮ್ಯ ಕತೆಯೊಂದು ಆಟದ ಪುಸ್ತಕಗಳಲ್ಲಿ ಸುತ್ತುತ್ತಲೇ ಇದೆ. ಕತೆಯನ್ನು ಬದಿಗಿಟ್ಟರೂ 1827ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಅವರ ಪುಸ್ತಕ ಇದೆ. ಚರ್ಮದ ತುದಿಯಿಂದ ಚೆಂಡನ್ನು ಹಿಂದಕ್ಕೆ ಎಳೆಯಬಹುದು, ವಕ್ರವಾಗಿ ಓಡಿಸಬಹುದು ಎಂಬುದನ್ನು ಅವರು ಚಿತ್ರಗಳ ಸಮೇತ ತೋರಿಸಿದರು.

ಇದೇ ಕಾಲದಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಜ್ಯಾಕ್ ಕಾರ್ ಎಂಬಾತ ತುದಿಗೆ ಸೀಮೆಸುಣ್ಣ ಹಚ್ಚಿ ಆಡಿ ಜನರನ್ನು ಬೆರಗುಗೊಳಿಸಿದ. ಚೆಂಡು ಸುರುಳಿ ತಿರುಗುವುದು ತನ್ನ ವಿಶೇಷ ಚಾಕಿನ ಮಹಿಮೆ ಎಂದು ನಂಬಿಸಿ, ಮಾಮೂಲಿ ಸುಣ್ಣವನ್ನೇ ಸಣ್ಣ ಡಬ್ಬಿಗಳಲ್ಲಿ ಮಾರಿದನಂತೆ. ಕಾರ್ ಯಾವ ಶ್ರೀಮಂತನೂ ಅಲ್ಲ, ಬಿಲಿಯರ್ಡ್ಸ್ ಕೋಣೆಯ ಮಾರ್ಕರ್. ಅಂದರೆ ಅಂಕ ಬರೆಯುವ, ಮೇಜು ಒರೆಸುವ, ಕ್ಯೂಗಳನ್ನು ರಿಪೇರಿ ಮಾಡುವ ನೌಕರ. 1835ರಲ್ಲಿ ಗಣಿತಜ್ಞ ಕೊರಿಯೋಲಿಸ್ ಬಿಲಿಯರ್ಡ್ಸ್ ಚೆಂಡಿನ ಚಲನೆಯ ಬಗ್ಗೆ ಇಡೀ ಗ್ರಂಥವನ್ನೇ ಬರೆದರು. ಭೂಮಿ ತಿರುಗುವುದರಿಂದ ಗಾಳಿಯ ದಿಕ್ಕು ಬಾಗುತ್ತದೆ ಎಂಬ ಪಾಠದಲ್ಲಿ ಶಾಲೆಯಲ್ಲಿ ಓದಿದ ಹೆಸರು ಇವರದೇ. ಒಬ್ಬ ನೌಕರನ ಕೈಚಳಕ ಮತ್ತು ಒಬ್ಬ ಗಣಿತಜ್ಞನ ಸಮೀಕರಣ ಒಂದೇ ಚೆಂಡನ್ನು ಹಿಂಬಾಲಿಸಿದ ಕಾಲ ಅದು.

ಮೇಜು ಕೂಡ ಆಗಲೇ ಬದಲಾಯಿತು. ಮರದ ಹಲಗೆಯ ಮೇಜುಗಳು ಹವೆಗೆ ಸೊಟ್ಟಗಾಗುತ್ತಿದ್ದವು. ಲಂಡನ್ನಿನ ಜಾನ್ ಥರ್ಸ್ಟನ್ ಅವರ ಕಾರ್ಖಾನೆ 1820ರ ದಶಕದಲ್ಲಿ ಸ್ಲೇಟ್ ಕಲ್ಲಿನ ಹಾಸನ್ನು, 1830ರ ದಶಕದಲ್ಲಿ ರಬ್ಬರ್ ಅಂಚನ್ನು ತಂದಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಅದುವರೆಗೆ ಬಿಲಿಯರ್ಡ್ಸ್ ಆಡುವವರು ನೆಲ ಡೊಂಕು ಎಂದರೆ ಅದು ನಿಜವೇ ಆಗಿರುತ್ತಿತ್ತು. ಕಲ್ಲಿನ ಹಾಸು ಬಂದ ಮೇಲೆ ನೆಲ ಸಮವಾಯಿತು. ದೂರಲು ಉಳಿದದ್ದು ಎರಡೇ: ತನ್ನ ಕೈ ಮತ್ತು ಕೈಯಲ್ಲಿರುವ ಕೋಲು. ನನಗೆ ಹಿಡಿಸುವ ಕ್ಯೂ ಯಾವುದು ಎಂಬ ಹುಡುಕಾಟಕ್ಕೆ ಅರ್ಥ ಬಂದದ್ದು ಇಲ್ಲಿಂದ ಎಂದು ನನಗನ್ನಿಸುತ್ತದೆ.

ಹಾಗಾದರೆ ಹಿಡಿಸುವುದು ಎಂದರೇನು? ಅಳತೆಗಳನ್ನು ಹೇಳುವುದು ಸುಲಭ. ಸ್ನೂಕರ್ ಕ್ಯೂ ಸಾಮಾನ್ಯವಾಗಿ 57ರಿಂದ 58 ಇಂಚು ಉದ್ದ, ಸುಮಾರು ಅರ್ಧ ಕಿಲೋ ತೂಕ, ತುದಿ 9ರಿಂದ 10 ಮಿಲಿಮೀಟರ್. ಪೂಲ್ ಚೆಂಡು ದೊಡ್ಡದು, ಅದರ ಕ್ಯೂವಿನ ತುದಿಯೂ 12–13 ಮಿಲಿಮೀಟರಿನಷ್ಟು ಅಗಲ. ಸ್ನೂಕರಿಗೆ ಹೆಚ್ಚಾಗಿ ಆ್ಯಶ್ ಮರ, ಅಮೆರಿಕದ ಪೂಲಿಗೆ ಮೇಪಲ್. ಆ್ಯಶ್ ಮರದ ಎಳೆಗಳು ಬಾಣದ ಮೊನೆಗಳಂತೆ ಎದ್ದು ಕಾಣುತ್ತವೆ. ಬಾಗಿ ಗುರಿ ನೋಡುವಾಗ ಆ ಬಾಣಗಳು ಕಣ್ಣಿಗೆ ಆಸರೆ ಎನ್ನುವವರಿದ್ದಾರೆ. ಮೇಪಲ್ ನುಣುಪು, ಎಳೆ ಕಾಣುವುದೇ ಕಡಿಮೆ. ಕಣ್ಣಿಗೆ ತೊಡಕಿಲ್ಲ ಎಂದು ಅದನ್ನೇ ಮೆಚ್ಚುವವರೂ ಇದ್ದಾರೆ. ಒಂದೇ ಗುಣ ಒಬ್ಬರಿಗೆ ಆಸರೆ, ಇನ್ನೊಬ್ಬರಿಗೆ ಅಡ್ಡಿ.

ತೂಕ ಎಷ್ಟಿದೆ ಎನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ಒಂದೇ ತೂಕದ ಎರಡು ಕ್ಯೂಗಳಲ್ಲಿ ಒಂದು ಮುಂದಕ್ಕೆ ವಾಲಿದಂತೆ, ಇನ್ನೊಂದು ಹಿಂಗೈಯಲ್ಲೇ ಕುಸಿದಂತೆ ಅನ್ನಿಸಬಹುದು. ಮನೆಯಲ್ಲಿ ಒಂದೇ ಅಂಗಡಿಯಿಂದ ತಂದ ಎರಡು ಕುಡುಗೋಲುಗಳಿದ್ದರೂ ಹುಲ್ಲು ಕೊಯ್ಯಲು ಹೊರಡುವವರು ತಮ್ಮದನ್ನೇ ಹುಡುಕಿ ತೆಗೆದುಕೊಳ್ಳುತ್ತಾರಲ್ಲ, ಅದೇ ಲೆಕ್ಕ.

ಇಲ್ಲಿ ಭೌತಶಾಸ್ತ್ರ ಒಂದು ವಿಚಿತ್ರ ಸಂಗತಿಯನ್ನು ಹೇಳುತ್ತದೆ. ಕ್ಯೂವಿನ ತುದಿ ಚೆಂಡಿಗೆ ತಾಗಿರುವುದು ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ. ಆ ತಾಗುವಿಕೆಯ ಸುದ್ದಿ ಕೈಯಿಂದ ಮಿದುಳಿಗೆ ತಲುಪುವ ಹೊತ್ತಿಗೆ ಚೆಂಡು ಹೊರಟು ಹೋಗಿರುತ್ತದೆ. ಹಾಗಾಗಿ ಹೊಡೆತ ಹಿತವಾಗಿತ್ತು ಎಂದು ಕೈಗೆ ಅನ್ನಿಸುವುದರಿಂದ ಆ ಹೊಡೆತದಲ್ಲಿ ಏನೂ ಬದಲಾಗುವುದಿಲ್ಲ. ಕೋಲಿನಲ್ಲಿ ಉಳಿದ ಕಂಪನ ಮತ್ತು ಕಿವಿಗೆ ಬಿದ್ದ ಸದ್ದು ಮುಂದಿನ ಹೊಡೆತಕ್ಕೆ ಪಾಠವಾಗುತ್ತವೆ, ಅಷ್ಟೆ. ಸಾವಿರ ಹೊಡೆತಗಳ ನಂತರ ಆ ಸದ್ದಿಗೂ ಚೆಂಡು ಹೋದ ದಾರಿಗೂ ನಂಟು ಬೆಳೆಯುತ್ತದೆ. ಅಂಗಡಿಯಲ್ಲಿ ಎತ್ತಿದ ಕೂಡಲೇ ಹಿಡಿಸಿತು ಎನ್ನುವುದು ತೂಕ, ದಪ್ಪ, ನುಣುಪುಗಳ ಮಾತು. ಒಗ್ಗುವುದು ಆಮೇಲಿನ ಕೆಲಸ, ಅದಕ್ಕೆ ಕಾಲ ಬೇಕು. ಅದೇ ಕೋಲು ಮತ್ತೆ ಮತ್ತೆ ಕೈಗೆ ಸಿಗುತ್ತಿರಬೇಕು.

ಅದೇ ಕೋಲು ಮತ್ತೆ ಯಾರ ಕೈಗೆ ಸಿಗುತ್ತದೆ? ಈ ಪ್ರಶ್ನೆ ನಮ್ಮನ್ನು ಭಾರತಕ್ಕೆ ಕರೆತರುತ್ತದೆ. ಸ್ನೂಕರ್ ಹುಟ್ಟಿದ್ದು ಇಲ್ಲಿ. 1875ರಲ್ಲಿ ಜಬಲ್ಪುರದ ಸೈನ್ಯದ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ ಕಪ್ಪು ಚೆಂಡಿನ ಆಟವೊಂದಕ್ಕೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿದರು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಇವರು ಬೇರೆ. ಸೈನಿಕ ಶಾಲೆಯ ಮೊದಲ ವರ್ಷದ ಹುಡುಗರನ್ನು ಹೀಯಾಳಿಸುವ 'ಸ್ನೂಕರ್' ಎಂಬ ಮಾತೇ ಆಟದ ಹೆಸರಾಯಿತು. 1880ರ ದಶಕದ ಆರಂಭದಲ್ಲಿ ಊಟಿಯ ಕ್ಲಬ್ಬಿನಲ್ಲಿ ನಿಯಮಗಳು ಗಟ್ಟಿಯಾಗಿ, ಬಿಲಿಯರ್ಡ್ಸ್ ಕೋಣೆಯಲ್ಲಿ ಅವನ್ನು ಬರೆದು ಹಾಕಿದರು. ಮೈಸೂರಿನಿಂದ ಬಂಡೀಪುರದ ದಾರಿಯಾಗಿ ಊಟಿಗೆ ಹೋಗುವ ನಮ್ಮವರಲ್ಲಿ ಎಷ್ಟೋ ಮಂದಿಗೆ, ಜಗತ್ತೇ ಟಿವಿಯಲ್ಲಿ ನೋಡುವ ಆಟವೊಂದರ ಕಾನೂನು ಆ ಬೆಟ್ಟದ ಮೇಲೆ ರೂಪುಗೊಂಡಿತು ಎಂದು ತಿಳಿದಿರುವುದಿಲ್ಲ.

ತಾನೇ ಈ ಆಟ ಕಂಡುಹಿಡಿದದ್ದು ಎಂದು ಚೇಂಬರ್ಲೇನ್ 1938ರಲ್ಲಿ ಒಂದು ಇಂಗ್ಲಿಷ್ ಪತ್ರಿಕೆಗೆ ಬರೆದರು. ಅವರ ಜೊತೆಗಿದ್ದ ಅಧಿಕಾರಿಗಳ ಹೇಳಿಕೆಗಳೂ ಬೆಂಬಲಕ್ಕೆ ಬಂದವು. ಹೀಗೆ ಆಟಕ್ಕೆ ಒಬ್ಬ ಜನಕ, ಒಂದು ವರ್ಷ, ಒಂದು ಊರು ಸಿಕ್ಕಿದವು. ಇದನ್ನು ಓದುವಾಗಲೆಲ್ಲ ನಾನು ಆ ಕೋಣೆಯಲ್ಲಿದ್ದಿರಬಹುದಾದ ಇನ್ನೊಬ್ಬರನ್ನು ಹುಡುಕುತ್ತೇನೆ. ಬ್ರಿಟಿಷರ ಕಾಲದ ಕ್ಲಬ್ಬು, ಮೆಸ್ಸುಗಳಲ್ಲಿ ಬಿಲಿಯರ್ಡ್ಸ್ ಮೇಜಿದ್ದರೆ ಅದನ್ನು ನೋಡಿಕೊಳ್ಳಲು ಮಾರ್ಕರ್ ಬೇಕಿತ್ತು. ಬಟ್ಟೆಗೆ ಬ್ರಶ್ ಹಾಕುವುದು, ಇಸ್ತ್ರಿ ಮಾಡುವುದು, ಸವೆದ ಚರ್ಮದ ತುದಿ ಕಿತ್ತು ಹೊಸದನ್ನು ಅಂಟಿಸಿ ದುಂಡಗೆ ಉಜ್ಜುವುದು, ಅಂಕ ಕೂಗುವುದು, ಜೊತೆಗಾರರಿಲ್ಲದ ಸಾಹೇಬರ ಜೊತೆ ತಾನೇ ಆಡುವುದು. ಸ್ಟ್ಯಾಂಡಿನಲ್ಲಿರುವ ಕ್ಯೂಗಳಲ್ಲಿ ಯಾವುದು ನೆಟ್ಟಗಿದೆ, ಯಾವುದು ಬಾಗಿದೆ, ಯಾವ ಸಾಹೇಬರಿಗೆ ಯಾವುದು ಬೇಕು ಎನ್ನುವುದು ಇಂಥವರಿಗೆ ಗೊತ್ತಿಲ್ಲದೆ ಮತ್ಯಾರಿಗೆ ಗೊತ್ತಿರಲು ಸಾಧ್ಯ?

ಇಂಗ್ಲೆಂಡಿನಲ್ಲಿ ಮಾರ್ಕರ್ ಆಗಿದ್ದ ಜ್ಯಾಕ್ ಕಾರನ ಹೆಸರು ಆಟದ ಚರಿತ್ರೆಯಲ್ಲಿ ಉಳಿದಿದೆ. ಜಬಲ್ಪುರದ, ಊಟಿಯ ಮಾರ್ಕರುಗಳ ಹೆಸರು ಆಟದ ಪ್ರಚಲಿತ ಚರಿತ್ರೆಗಳಲ್ಲಿ ನನಗೆ ಕಂಡಿಲ್ಲ. ಜೊತೆಗೆ, ಆಟದಿಂದ ಸಂಬಳ ಪಡೆಯುವವನು ಹವ್ಯಾಸಿ ಅಲ್ಲ, ಹವ್ಯಾಸಿಗಳ ಸ್ಪರ್ಧೆಗೆ ಅವನು ಸಲ್ಲ ಎಂಬುದು ಆ ಕಾಲದ ಇಂಗ್ಲಿಷ್ ಕ್ರೀಡೆಗಳ ಸಾಮಾನ್ಯ ತರ್ಕವಾಗಿತ್ತು. ದಿನವಿಡೀ ಕ್ಯೂಗಳ ನಡುವೆ ಬದುಕಿದ ಕೈಗೆ ತನ್ನದೆನ್ನುವ ಕ್ಯೂ ಇರಲಿಲ್ಲ. ಇದ್ದರೂ ಅದನ್ನು ಹಿಡಿದು ಸ್ಪರ್ಧೆಗೆ ನಿಲ್ಲಲು ಜಾಗವಿರಲಿಲ್ಲ. ಸ್ವತಂತ್ರ ಭಾರತದಲ್ಲಿ 1958ರಲ್ಲಿ ವಿಲ್ಸನ್ ಜೋನ್ಸ್ ಕಲ್ಕತ್ತೆಯಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ಆ ಹೆಮ್ಮೆಯ ಹಿಂದೆ ಹೆಸರಿಲ್ಲದ ಈ ಕೈಗಳ ದುಡಿಮೆಯೂ ಇದೆ ಎಂದು ನಾನು ನಂಬುತ್ತೇನೆ.

ಕ್ಯೂವಿಗೇ ಹೆಸರು ಬಂದದ್ದು ಅಮೆರಿಕದಲ್ಲಿ. 1924ರಲ್ಲಿ ರಷ್ಯಾದಿಂದ ಅಲ್ಲಿಗೆ ಹೋದ ಜಾರ್ಜ್ ಬಲಬುಷ್ಕಾ ಮರಗೆಲಸ ಬಲ್ಲವರು. 1950ರ ದಶಕದ ಕೊನೆಯಲ್ಲಿ ಸ್ನೇಹಿತರಿಗೆಂದು ಕ್ಯೂ ಮಾಡಲು ತೊಡಗಿದರು. 1975ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಕ್ಯೂಗಳಿಗೆ ಭಾರೀ ಬೆಲೆ ಬಂತು. ಕುತೂಹಲದ ಸಂಗತಿ ಎಂದರೆ, ಅವರ ಹಲವು ಕ್ಯೂಗಳು ಬ್ರನ್ಸ್‌ವಿಕ್ ಕಂಪನಿಯು ಆಟದ ಕೋಣೆಗಳಿಗೆಂದು ಮಾಡುತ್ತಿದ್ದ ಮಾಮೂಲಿ ಕ್ಯೂಗಳ ಮರದಿಂದಲೇ ಆದವು. 1986ರ 'ದಿ ಕಲರ್ ಆಫ್ ಮನಿ' ಚಿತ್ರದಲ್ಲಿ ಪಾಲ್ ನ್ಯೂಮನ್ ಪಾತ್ರವು ಟಾಮ್ ಕ್ರೂಸ್ ಪಾತ್ರಕ್ಕೆ ಬಲಬುಷ್ಕಾ ಎಂದು ಕೊಡುವ ಕ್ಯೂ ವಾಸ್ತವದಲ್ಲಿ ಜಾಸ್ ಎಂಬ ಬೇರೆ ಕಂಪನಿಯದು. ತೆರೆಯ ಮೇಲೆ ಹೆಸರೇ ಸಾಕಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಸ್ಕಾಟ್ಲೆಂಡಿನ ಸ್ಟೀಫನ್ ಹೆಂಡ್ರಿ. ಹುಡುಗನಾಗಿದ್ದಾಗ ಕೊಂಡ ಅಗ್ಗದ ಕ್ಯೂ ಒಂದರಿಂದಲೇ ಅವರು ಏಳು ವಿಶ್ವ ಪ್ರಶಸ್ತಿಗಳನ್ನು ಗೆದ್ದರು. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ಮುರಿಯಿತು. ಆಮೇಲೆ ಅದಕ್ಕಿಂತ ದುಬಾರಿ ಕ್ಯೂಗಳು ಅವರಿಗೆ ಸಿಗದೆ ಇರಲಿಲ್ಲ. ಎಂಟನೆಯ ವಿಶ್ವ ಪ್ರಶಸ್ತಿ ಮಾತ್ರ ಬರಲಿಲ್ಲ. ಕ್ಯೂ ಮುರಿದದ್ದೇ ಕಾರಣ ಎನ್ನಲಾಗದು. ವಯಸ್ಸಿತ್ತು, ಹೊಸ ಎದುರಾಳಿಗಳಿದ್ದರು. ಆದರೂ ಎಷ್ಟೋ ವರ್ಷ ಕೈ ಕಲಿತ ಪಾಠ ಒಂದು ಮರದ ತುಂಡಿನೊಳಗೂ ಇರುತ್ತದೆ ಎಂದು ಯೋಚಿಸಲು ಇದು ಸಾಕು.

ಬೆಂಗಳೂರಿನಲ್ಲಿ ಈ ಕತೆ ಬೇರೆ ತಿರುವು ಪಡೆಯಿತು. ಇಲ್ಲಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಅರವಿಂದ ಸವೂರ್ ಅವರ ಬಳಿ ಕಲಿತ ಪಂಕಜ್ ಆಡ್ವಾಣಿ 2003ರಲ್ಲಿ ಹದಿಹರೆಯದಲ್ಲೇ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದರು. ಸರ್ಕಾರಿ ನೌಕರಿ ಮಾಡುತ್ತಲೇ ತಡವಾಗಿ ಆಟಕ್ಕೆ ಬಂದ ಆರ್. ಉಮಾದೇವಿ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದರು. ಬಟ್ಟೆ ಹರಿದೀತೆಂದು ಹೆಂಗಸರ ಕೈಗೆ ಕ್ಯೂ ಕೊಡಲು ಹಿಂಜರಿದ ಆಟ ಇದೇ ಎಂದು ನೆನೆದರೆ ಆ ಗೆಲುವಿನ ತೂಕ ತಿಳಿಯುತ್ತದೆ.

ಈಗ ನಮ್ಮ ಸಣ್ಣ ಊರುಗಳಲ್ಲೂ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಸ್ನೂಕರ್ ಪಾರ್ಲರುಗಳಿವೆ. ಗೋಡೆಗೆ ಹತ್ತಾರು ಕ್ಯೂಗಳು. ಹುಡುಗರು ಒಂದನ್ನು ತೆಗೆದು ಮೇಜಿನ ಮೇಲೆ ಉರುಳಿಸುತ್ತಾರೆ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುತ್ತಾರೆ, ತುದಿ ಸಡಿಲವಿದೆಯೇ ಎಂದು ಬೆರಳಿಂದ ಒತ್ತುತ್ತಾರೆ. ಯಾವುದು ಆರಿಸಲಿ ಎಂದು ಕೇಳುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ನೆಟ್ಟಗಿರಲಿ, ತುದಿ ಗಟ್ಟಿಯಾಗಿ ಕೂತಿರಲಿ, ಹಿಂಗೈಗೆ ಭಾರ ಅನ್ನಿಸದಿರಲಿ. ಆಮೇಲೆ ಅದರ ಮೇಲೊಂದು ಗುರುತು ನೋಡಿಟ್ಟುಕೊಂಡು ನಾಳೆಯೂ ಅದನ್ನೇ ತೆಗೆದುಕೊಳ್ಳಿ. ಅಲ್ಲಿ ಚಾಕ್ ತಂದಿಡುವ, ಚೆಂಡು ಜೋಡಿಸುವ ಹುಡುಗನನ್ನೂ ಒಮ್ಮೆ ಕೇಳಿ. ಯಾವ ಕ್ಯೂ ಚೆನ್ನಾಗಿದೆ ಎಂದು ಅವನಿಗೆ ಗೊತ್ತಿರುತ್ತದೆ. ಅವನ ಹೆಸರನ್ನೂ ಕೇಳಿಟ್ಟುಕೊಳ್ಳಿ.