ಸೂಜಿ ಮತ್ತು ಸಿಪಾಯಿ: ಹುಬ್ಬಳ್ಳಿಯ 1898ರ ಪ್ಲೇಗು

ಮುಂಬಯಿಯ ಮಾಂಡವಿ ಭಾಗದಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು, ಅಂದರೆ ಕಂಕುಳು ಮತ್ತು ತೊಡೆಸಂದುಗಳಲ್ಲಿ ಗಡ್ಡೆಯೆದ್ದು ಕೆಲವೇ ದಿನಗಳಲ್ಲಿ ಜೀವ ತೆಗೆಯುವ ಜ್ವರ, ಮುಂಬಯಿ ಪ್ರಾಂತದುದ್ದಕ್ಕೂ ಹಬ್ಬುತ್ತ ಧಾರವಾಡ ಜಿಲ್ಲೆಯನ್ನು ಮುಟ್ಟಿ, 1898ರಲ್ಲಿ ಹುಬ್ಬಳ್ಳಿಯನ್ನು ಹಿಡಿದು ಅಲ್ಲಾಡಿಸಿತು. ಹತ್ತಿಯ ಪೇಟೆ, ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ ಮತ್ತು ಸುಮಾರು ಐವತ್ತು ಸಾವಿರ ಜನವಸತಿಯಿದ್ದ ಈ ಊರಿನಲ್ಲಿ ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ವಾರಕ್ಕೆ ನೂರಾರು ಸಾವುಗಳು ದಾಖಲಾಗುತ್ತಿದ್ದವು. ಆದರೂ ಆ ಕಾಲದಲ್ಲಿ ಮುಂಬಯಿ, ಪುಣೆ, ಕಾನ್ಪುರಗಳ ಹೆಸರು ಪ್ಲೇಗಿನ ಗಲಭೆಗಳೊಡನೆ ತಳಕು ಹಾಕಿಕೊಂಡಿದ್ದರೆ, ಹುಬ್ಬಳ್ಳಿಯ ಹೆಸರು ವೈದ್ಯಕೀಯ ಇತಿಹಾಸದಲ್ಲಿ ಉಳಿದಿರುವುದು ಬೇರೆಯೇ ಕಾರಣಕ್ಕೆ. ಆ ಕಾರಣ ತಿಳಿಯಬೇಕಾದರೆ ಮೊದಲು ಗಲಭೆಗಳ ಬೇರನ್ನು ನೋಡಬೇಕು.

1897ರ ಫೆಬ್ರವರಿ 4ರಂದು ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ನಾಲ್ಕೇ ಕಲಮುಗಳ ಪುಟ್ಟ ಶಾಸನವಾಗಿದ್ದರೂ, ಮನೆಗಳನ್ನು ಶೋಧಿಸುವ, ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ, ಸೋಂಕು ತಗಲಿದವರೆಂಬ ಸಂಶಯವಿದ್ದವರನ್ನು ಆಸ್ಪತ್ರೆಗೋ ತಾತ್ಕಾಲಿಕ ಶಿಬಿರಕ್ಕೋ ಒಯ್ದು ಬೇರೆಯಾಗಿಡುವ ಅಧಿಕಾರವನ್ನು ಸರ್ಕಾರದ ಕೈಗಿತ್ತಿತು. ಪುಣೆಯಲ್ಲಿ ಈ ಕೆಲಸಕ್ಕೆ ಗೋರಾ ಸಿಪಾಯಿಗಳೇ ಮನೆ ಹೊಕ್ಕರು. ದೇವರಮನೆ, ಅಡುಗೆಮನೆಗಳೂ ಶೋಧನೆಯಿಂದ ಉಳಿಯಲಿಲ್ಲ. ಅಲ್ಲಿನ ಪ್ಲೇಗ್ ಸಮಿತಿಯ ಮುಖ್ಯಸ್ಥ ರ‍್ಯಾಂಡ್ ವೈದ್ಯನಲ್ಲ, ಕಂದಾಯ ಆಡಳಿತದಲ್ಲಿ ಪಳಗಿದ ಅಧಿಕಾರಿ. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ಈಡಾಗಿ ಕೆಲವು ದಿನಗಳ ನಂತರ ಆತ ಸತ್ತ. ಅದಕ್ಕೂ ಮೊದಲೇ, 1896ರ ಅಕ್ಟೋಬರಿನಲ್ಲಿ, ಮುಂಬಯಿಯ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ಮುತ್ತಿಗೆ ಹಾಕಿದ್ದರು. ಆಸ್ಪತ್ರೆಗೆ ಹೋದವರ ಮೈಯಿಂದ ಎಣ್ಣೆ ತೆಗೆಯುತ್ತಾರೆ, ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಆದ ಅವಮಾನವನ್ನು ತೀರಿಸಲು ಸತ್ತವರ ಹೃದಯಗಳನ್ನು ಇಂಗ್ಲೆಂಡಿಗೆ ಕಳಿಸುತ್ತಾರೆ ಎಂಬ ವದಂತಿಗಳು ಆಗ ಬಾಯಿಂದ ಬಾಯಿಗೆ ಹರಿದಿದ್ದವು. ಇಂಥ ಮಾತುಗಳನ್ನು ಮೂಢರ ಕಲ್ಪನೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಹೊತ್ತೊಯ್ದ ರೋಗಿ ಹೆಣವಾಗಿ ಮಾತ್ರ ಹೊರಬರುವ ಕಟ್ಟಡದ ಒಳಗೆ ಏನು ನಡೆಯುತ್ತದೆಂದು ಮನೆಯವರಿಗೆ ಯಾರೂ ಹೇಳದಿದ್ದಾಗ ಕಥೆ ಹುಟ್ಟದೆ ಇರುವುದಿಲ್ಲ. 1898ರ ಮಾರ್ಚಿನಲ್ಲಿ ಮುಂಬಯಿಯ ನೇಕಾರರ ಕೇರಿಯಲ್ಲಿ ಕಾಯಿಲೆಯ ಹುಡುಗಿಯೊಬ್ಬಳನ್ನು ಪರೀಕ್ಷಿಸಲು ಹೋದ ತಂಡವನ್ನು ಜನ ಅಡ್ಡಗಟ್ಟಿದಾಗ ಹೊತ್ತಿದ ಗಲಭೆಗೂ ಹೆಣ್ಣಿನ ಮೈಮುಟ್ಟುವ ಪರೀಕ್ಷೆಯ ಭಯವೇ ಕಿಡಿಯಾಗಿತ್ತು.

ಹುಬ್ಬಳ್ಳಿಯಲ್ಲಿ ವೈದ್ಯರು ಸೂಜಿಯನ್ನು ಮುಂದಿಟ್ಟರು. ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದ ಲಸಿಕೆಯನ್ನು ಒಂದು ಇಡೀ ಪಟ್ಟಣಕ್ಕೆ ಕೊಟ್ಟ ಮೊದಮೊದಲ ಪ್ರಯತ್ನಗಳಲ್ಲಿ ಇದು ಎದ್ದುಕಾಣುವಂಥದು. ಈ ಲಸಿಕೆ ತಯಾರಾಗುತ್ತಿದ್ದ ಬಗೆ ಕುತೂಹಲಕರವಾಗಿದೆ: ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಅವುಗಳ ಅಡಿಯಿಂದ ಪ್ಲೇಗಿನ ಬ್ಯಾಕ್ಟೀರಿಯಾಗಳು ಬಿಳಲುಗಳಂತೆ ಇಳಿಬಿದ್ದು ಬೆಳೆಯುತ್ತಿದ್ದವು, ಬೇಕಾದಷ್ಟು ಬೆಳೆದ ಮೇಲೆ ಆ ದ್ರವವನ್ನು ಕಾಯಿಸಿ ಅವುಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿ ಸೀಸೆಗಳಲ್ಲಿ ತುಂಬುತ್ತಿದ್ದರು. ಹಿಂದೂ ಮುಸ್ಲಿಮರ ಭಾವನೆಗೆ ನೋವಾಗದಿರಲೆಂದು ದನದ ಮತ್ತು ಹಂದಿಯ ಮಾಂಸ ಬಿಟ್ಟು ಆಡಿನ ಮಾಂಸದ ಸಾರನ್ನು ಹಾಫ್ಕಿನ್ ಬಳಸಿದ್ದು, ಲಸಿಕೆಯ ಗುಣ ಸೀಸೆಯೊಳಗಿನ ದ್ರವದಲ್ಲಷ್ಟೇ ಇಲ್ಲ, ಅದನ್ನು ಪಡೆಯುವವರ ಒಪ್ಪಿಗೆಯಲ್ಲೂ ಇದೆ ಎಂಬ ತಿಳಿವಳಿಕೆಯನ್ನು ತೋರಿಸುತ್ತದೆ.

ವೈದ್ಯಾಧಿಕಾರಿ ಲ್ಯೂಮನ್ ಅವರ ಮುಂದಾಳತ್ವದಲ್ಲಿ 1898ರ ಮೇ ತಿಂಗಳಿನಿಂದ ಸೆಪ್ಟೆಂಬರಿನ ಕೊನೆಯವರೆಗೆ ಹುಬ್ಬಳ್ಳಿಯ ಸುಮಾರು 38 ಸಾವಿರ ಜನ ಈ ಚುಚ್ಚುಮದ್ದು ಹಾಕಿಸಿಕೊಂಡರು. ಮದ್ದು ಹಾಕಿಸಿಕೊಂಡವರಿಗೆ ಒಂದೆರಡು ದಿನ ಜ್ವರ ಬಂದು ತೋಳು ಬಾತು ದಿನಗೂಲಿ ತಪ್ಪುತ್ತಿತ್ತೆಂಬುದನ್ನು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ. ಆಲಿಸ್ ಕಾರ್ಥಾರ್ನ್ ಎಂಬ ಮಹಿಳಾ ವೈದ್ಯೆಯೂ ಈ ಸೀಮೆಯ ಲಸಿಕೆಯ ಕೆಲಸದಲ್ಲಿ ದುಡಿದದ್ದು ಮುಂಬಯಿಯ ಮಾರ್ಚ್ ಗಲಭೆಯ ಹಿನ್ನೆಲೆಯಲ್ಲಿ ಸಣ್ಣ ಸಂಗತಿಯಲ್ಲ.

ಹಾಗೆಂದು ಇದನ್ನು ಶುದ್ಧ ಸಮ್ಮತಿಯ ಚರಿತ್ರೆಯೆಂದು ಬಣ್ಣಿಸಲಾಗದು. ಮದ್ದು ಹಾಕಿಸಿಕೊಂಡವರಿಗೆ ಸಿಗುತ್ತಿದ್ದ ಸರ್ಟಿಫಿಕೇಟು ಶಿಬಿರವಾಸದಿಂದಲೂ ಪ್ರಯಾಣದ ತಡೆಯಿಂದಲೂ ವಿನಾಯಿತಿ ಕೊಡುತ್ತಿತ್ತಾದ್ದರಿಂದ, ಊರ ಹೊರಗಿನ ಗುಡಿಸಲಿನ ಭಯವೇ ಹಲವರನ್ನು ಸೂಜಿಯ ಕಡೆಗೆ ತಳ್ಳಿರಬೇಕು. ಆದರೂ ಆಯ್ಕೆಯ ಒಂದು ಎಳೆ ಇಲ್ಲಿ ಜನರ ಕೈಯಲ್ಲಿ ಉಳಿದಿತ್ತು. ಅದೇ ವರ್ಷದ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಶ್ರೀರಂಗಪಟ್ಟಣದಲ್ಲಿ ಪ್ಲೇಗ್ ನಿಯಮ ಮುರಿದರೆಂದು ಬಂಧಿಸಲಾದವರನ್ನು ಬಿಡಿಸಲು ಜನರ ಗುಂಪು ಕೋಟೆಗೆ ನುಗ್ಗಲೆತ್ನಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ.

1897ರ ಕಾಯಿದೆಯ ಕೊನೆಯ ಕಲಮು ಅಧಿಕಾರಿಗಳನ್ನು ಜನ ಹೂಡಬಹುದಾದ ದಾವೆಗಳಿಂದ ಕಾಪಾಡಿತ್ತೇ ಹೊರತು, ಬಾಗಿಲಲ್ಲಿ ನಿಂತ ಕಾರ್ಯಕರ್ತರನ್ನು ಏಟಿನಿಂದ ಕಾಪಾಡುವ ಪ್ರತ್ಯೇಕ ಮಾತು ಅದರಲ್ಲಿರಲಿಲ್ಲ. ಆ ಮಾತು ಸೇರಲು 123 ವರ್ಷ ಬೇಕಾಯಿತು. ಕೊರೊನಾ ಕಾಲದಲ್ಲಿ, 2020ರ ಏಪ್ರಿಲಿನಲ್ಲಿ, ಬೆಂಗಳೂರಿನಲ್ಲಿ ಮನೆ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ, ಆಮೇಲೆ ಪಾದರಾಯನಪುರದಲ್ಲಿ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕರೆದೊಯ್ಯಲು ಹೋದ ಸಿಬ್ಬಂದಿಯ ಮೇಲೆ ದಾಳಿ ನಡೆದಾಗಲೂ ಕ್ವಾರಂಟೈನಿಗೆ ಒಯ್ಯುತ್ತಾರೆಂಬ ಭಯ ಹಳೆಯದೇ ಆಗಿತ್ತು. ಆ ಭಯ ಅರ್ಥವಾಗುವಂಥದು, ಹಲ್ಲೆ ಮಾತ್ರ ಕ್ಷಮೆಗೆ ಅರ್ಹವಲ್ಲ. ಏಪ್ರಿಲ್ 22ರ ಸುಗ್ರೀವಾಜ್ಞೆ, ಬಳಿಕ ಅದರ ಜಾಗಕ್ಕೆ ಬಂದ ತಿದ್ದುಪಡಿ ಕಾಯಿದೆ, ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನಿಲ್ಲದ ಅಪರಾಧವೆಂದು ಸಾರಿ, ತೀವ್ರ ಗಾಯವಾದರೆ ಏಳು ವರ್ಷದವರೆಗೆ ಸೆರೆಯನ್ನು ವಿಧಿಸಿದವು. ಆದರೆ ಮನೆಮನೆಯ ಬಾಗಿಲು ತಟ್ಟುವ ಕೆಲಸ ಬಿದ್ದದ್ದು ಸಂಬಳವಿಲ್ಲದೆ ಗೌರವಧನದ ಮೇಲೆ ದುಡಿಯುವ ಆಶಾ ಕಾರ್ಯಕರ್ತೆಯರ ಪಾಲಿಗೆ. ಆ ಕಾನೂನು ಬಂದ ಮೂರು ತಿಂಗಳೊಳಗೆ, 2020ರ ಜುಲೈನಲ್ಲಿ, ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸಾಕಷ್ಟು ಸುರಕ್ಷಾ ಸಲಕರಣೆಗಳನ್ನು ಕೇಳಿ ಅವರು ರಾಜ್ಯದಾದ್ಯಂತ ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಇಳಿದರು.