ನೀತಿಯ ಮೂಲವೂ ಆಯ್ದಕ್ಕಿಯ ದಂಪತಿಗಳೂ

ಇದು ಮಾಡತಕ್ಕುದು, ಇದು ಮಾಡಬಾರದುದು ಎಂಬ ವಿವೇಕವು ಮಾನವನಿಗೆ ಎಲ್ಲಿಂದ ಪ್ರಾಪ್ತವಾಯಿತೆಂಬ ಪ್ರಶ್ನೆಯು ಬಹು ಪುರಾತನವಾದುದು. ಶ್ರುತಿಸ್ಮೃತಿಗಳ ವಿಧಿನಿಷೇಧಗಳಿಂದ ಎಂದು ಕೆಲವರು, ರಾಜದಂಡದ ಭಯದಿಂದ ಎಂದು ಕೆಲವರು, ಸ್ವರ್ಗದ ಆಶೆ ನರಕದ ಅಂಜಿಕೆಗಳಿಂದ ಎಂದು ಮತ್ತೆ ಕೆಲವರು ಹೇಳುತ್ತ ಬಂದಿರುವರು. ಜರ್ಮನಿಯ ತತ್ತ್ವಜ್ಞನಾದ ಕಾಂಟನು 1788ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ಮನುಷ್ಯನ ಬುದ್ಧಿಯು ತನಗೆ ತಾನೇ ವಿಧಿಸಿಕೊಳ್ಳುವ ನಿಯಮವೆಂದನು. ಇಂಗ್ಲೆಂಡಿನ ಡಾರ್ವಿನನು 1871ರಲ್ಲಿ, ಗುಂಪುಗೂಡಿ ಬಾಳುವ ಪ್ರಾಣಿಗಳ ಪರಸ್ಪರ ಮಮತೆಯಲ್ಲಿಯೇ ಅದರ ಬೀಜವಿರುವುದೆಂದು ವಾದಿಸಿದನು. ಈ ವಾದಗಳು ಸಾರವತ್ತಾದುವೇ ಸರಿ. ಆದರೆ ಅವುಗಳಿಗೆ ಆರು ಶತಮಾನಗಳ ಹಿಂದೆಯೇ ಕಲ್ಯಾಣ ಪಟ್ಟಣದಲ್ಲಿ ಈ ಪ್ರಶ್ನೆಯು ತಲೆದೋರಿತ್ತು. ಅದಕ್ಕೆ ಉತ್ತರವನ್ನಿತ್ತವಳು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನ ಹೆಂಡತಿ.

ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರಿಗೆ ಸಮೀಪದ ಅಮರೇಶ್ವರವು ಮಾರಯ್ಯ ಲಕ್ಕಮ್ಮಗಳ ಮೂಲಸ್ಥಾನವೆಂದು ಪ್ರತೀತಿ. ಇಬ್ಬರ ವಚನಾಂಕಿತಗಳಲ್ಲಿಯೂ ಅಮರೇಶ್ವರಲಿಂಗನ ಹೆಸರು ಬರುವುದು. ಶರಣರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ ಬಂದ ಮಾರಯ್ಯನು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದನ್ನು ತನ್ನ ಕಾಯಕವನ್ನಾಗಿ ಮಾಡಿಕೊಂಡನು. ಆ ಅಕ್ಕಿಯಿಂದಲೇ ದಂಪತಿಗಳ ಜೀವನವೂ ಜಂಗಮ ದಾಸೋಹವೂ ನಡೆಯುತ್ತಿದ್ದುವು. ಒಂದು ದಿನ ಅವನು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು, ಕಾಯಕದ ವೇಳೆ ಮೀರುತ್ತಿರುವುದೆಂದು ಲಕ್ಕಮ್ಮನು ಎಚ್ಚರಿಸಿದಳು. ಮಾರಯ್ಯನು ತ್ವರೆಯಿಂದ ಹೋದನು. ಅಂದು ಅಂಗಳದಲ್ಲಿ ದಿನದಂತಲ್ಲದೆ ಹೆಚ್ಚಾಗಿ ಅಕ್ಕಿ ಬಿದ್ದಿತ್ತು. ಇವರ ಮನಸ್ಸನ್ನು ಒರೆಗೆ ಹಚ್ಚಲು ಬಸವಣ್ಣನವರೇ ಹಾಗೆ ಮಾಡಿಸಿದ್ದರೆಂದು ಕಥೆಯು ಹೇಳುವುದು. ಮಾರಯ್ಯನು ಸಂತೋಷದಿಂದ ಎಲ್ಲವನ್ನೂ ಕಟ್ಟಿಕೊಂಡು ಬಂದನು. ಗಂಟನ್ನು ಕಂಡೊಡನೆಯೇ ಲಕ್ಕಮ್ಮನು ಅದರ ಅಳತೆಯನ್ನು ಅರಿತಳು. ಈ ಅತಿಯಾಶೆಯು ಅರಸುಮಕ್ಕಳಿಗೆ ತಕ್ಕುದಲ್ಲದೆ ತಮ್ಮಂಥವರಿಗಲ್ಲವೆಂದೂ, ಹೆಚ್ಚಿನದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರಬೇಕೆಂದೂ ಗಂಡನಿಗೆ ಹೇಳಿದಳು. ಮಾರಯ್ಯನು ಮರುಮಾತಾಡದೆ ಹಿಂದಿರುಗಿ ಹೋದನು.

ಆ ಬಳಿಕ ಲಕ್ಕಮ್ಮನು ನಿತ್ಯದ ಅಕ್ಕಿಯಲ್ಲಿಯೇ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದಳೆಂಬ ಪವಾಡವನ್ನು ಭಕ್ತರು ಮತ್ತೆ ಮತ್ತೆ ಕೇಳಿ ಆನಂದಿಸುವರು. ಆದರೆ ವಿಚಾರ ಮಾಡಿ ನೋಡಿದರೆ, ಒಲೆ ಹೊತ್ತುವುದಕ್ಕೆ ಮುಂಚೆಯೇ ಅದಕ್ಕಿಂತ ದೊಡ್ಡ ಆಶ್ಚರ್ಯವು ನಡೆದುಹೋಗಿದ್ದಿತು. ಆ ಅಕ್ಕಿಯು ಕದ್ದುದಲ್ಲ. ಬಿದ್ದುದನ್ನು ಆಯಬಾರದೆಂಬ ರಾಜಾಜ್ಞೆ ಇರಲಿಲ್ಲ. ಯಾರೂ ಅಡ್ಡಿ ಮಾಡಲಿಲ್ಲ; ಮನೆಯ ಯಜಮಾನರೇ ಚೆಲ್ಲಿಸಿದ್ದರು. ಅದರ ವಿನಿಯೋಗವಾದರೋ ಪುಣ್ಯಕಾರ್ಯವಾದ ದಾಸೋಹಕ್ಕೆ. ಇಷ್ಟಿದ್ದರೂ ಅದು ಸಲ್ಲದೆಂದು ಆಕೆಗೆ ಹೇಳಿದವರಾರು? ಶಾಸ್ತ್ರವಲ್ಲ, ದೊರೆಯಲ್ಲ, ನರಕದ ಅಂಜಿಕೆಯೂ ಅಲ್ಲ. ದಿನದಿನದ ದುಡಿಮೆಯಲ್ಲಿ ಪಳಗಿದ ಕೈಗೆ ತನ್ನ ಪಾಲು ಇಷ್ಟೆಂಬುದು ತಿಳಿದಿದ್ದಿತು. ಅದಕ್ಕೆ ಮೀರಿದುದು ತನ್ನದಲ್ಲವೆಂಬ ಅರಿವು ಆ ತಿಳಿವಿನೊಳಗಿಂದಲೇ ಹುಟ್ಟಿತು. ದಾಸೋಹ ನಡೆಯಿಸುವ ಮಠಗಳಿಗೆ ಇದು ಸುಖವಾಗಿ ಕೇಳಿ ಮಲಗುವ ಕಥೆಯಲ್ಲ. ಕಣಜವು ತುಂಬುವಾಗ ಹರ್ಷವಾಗುವುದು ಸಹಜ. ತುಂಬಿದುದರ ಹಿಂದೆ ಯಾರ ಕಾಯಕವಿದೆಯೆಂದು ಗಂಟನ್ನು ಬಿಚ್ಚುವ ಮೊದಲೇ ಕೇಳುವುದು ಕಷ್ಟ.

ಈ ಪ್ರಸಂಗವು ವಿಸ್ತಾರವಾಗಿ ದೊರೆಯುವುದು ಶೂನ್ಯಸಂಪಾದನೆಯಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯನು ಅದನ್ನು ಮೊದಲು ಸಂಕಲಿಸಿದುದು 15ನೆಯ ಶತಮಾನದಲ್ಲಿ. ಎಂದರೆ ಬಸವಣ್ಣನವರ ಕಾಲಕ್ಕೂ ಅದಕ್ಕೂ ಸುಮಾರು ಮುನ್ನೂರು ವರ್ಷಗಳ ಅಂತರ. ಆದುದರಿಂದ ಸಂವಾದದ ಜೋಡಣೆಯು ಸಂಪಾದಕರದೆಂದು ಇತಿಹಾಸಜ್ಞರು ಎಣಿಸುವುದು ನ್ಯಾಯವೇ. ಆದರೂ ಲಕ್ಕಮ್ಮನ ಅಂಕಿತದಲ್ಲಿ ಉಳಿದುಬಂದಿರುವ ವಚನಗಳ ನಿಲುವು ಈ ಕಥೆಯ ನಿಲುವೇ ಆಗಿರುವುದು.

ಒಳಗಿನ ಅರಿವೇ ಪ್ರಮಾಣವಾದರೆ ಪ್ರತಿಯೊಬ್ಬನೂ ತನಗೆ ತೋರಿದುದನ್ನೇ ಧರ್ಮವೆನ್ನಲಾರನೆ ಎಂಬ ಆಕ್ಷೇಪಣೆಯು ಬರಬಹುದು. ಶರಣರು ಇದನ್ನು ಕಾಣದವರಲ್ಲ. ಅವರಲ್ಲಿ ಒಬ್ಬೊಬ್ಬರ ಅರಿವೂ ಉಳಿದವರ ಪರೀಕ್ಷೆಗೆ ಒಳಗಾಗುತ್ತಿದ್ದಿತು. ಹುಲ್ಲನ್ನು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನು, ಇಷ್ಟಲಿಂಗವು ನೀರಿಗೆ ಜಾರಿ ಬಿದ್ದರೂ ಅದನ್ನೆತ್ತಿಕೊಳ್ಳದೆ ಕಾಯಕವನ್ನು ಮುಂದುವರಿಸಿದನೆಂದೂ, ಲಿಂಗವೇ ಅವನ ಬೆನ್ನು ಹತ್ತಿ ಬಂದಿತೆಂದೂ ಕಥೆಯುಂಟು. ಅಲ್ಲಿ ಮಡಿವಾಳ ಮಾಚಯ್ಯನು ನಡುವೆ ಬಂದು ಚಂದಯ್ಯನ ಹಠವನ್ನು ಪ್ರಶ್ನಿಸುವನು. ಗಂಡನಿಗೆ ಹೆಂಡತಿ, ಶರಣನಿಗೆ ಶರಣ, ಹೀಗೆ ತಿದ್ದುವವರು ಹತ್ತಿರದಲ್ಲಿಯೇ ಇದ್ದರು, ತಿದ್ದಿಸಿಕೊಳ್ಳುವುದು ಅವಮಾನವೆನಿಸುತ್ತಿರಲಿಲ್ಲ.

ಇಂಥ ಅರಿವಿಗೆ ತೆರಬೇಕಾದ ಬೆಲೆಯು ಯಾವಾಗಲೂ ಒಂದು ಗಂಟು ಅಕ್ಕಿಯಷ್ಟೇ ಆಗಿರಲಿಲ್ಲ. ಚಾಲುಕ್ಯರ ಸಾಮಂತನಾಗಿದ್ದ ಕಳಚುರಿ ಬಿಜ್ಜಳನು 1162ರ ವೇಳೆಗೆ ಕಲ್ಯಾಣದಲ್ಲಿ ಸ್ವತಂತ್ರ ಪ್ರಭುವಾಗಿದ್ದನು. ಸಮಗಾರನಾದ ಹರಳಯ್ಯನ ಮಗನಿಗೂ, ಬ್ರಾಹ್ಮಣಕುಲದಿಂದ ಬಂದ ಮಧುವರಸನ ಮಗಳಿಗೂ ಅವನ ಆಳಿಕೆಯಲ್ಲಿ ವಿವಾಹವಾಯಿತೆಂದು ಪರಂಪರೆಯು ಹೇಳುವುದು. ವರ್ಣಸಂಕರವೆಂದು ಶಾಸ್ತ್ರವೂ, ಅಪರಾಧವೆಂದು ಅರಮನೆಯೂ ಸಾರಿದುವು. ಲಿಂಗವಂತರಿಬ್ಬರ ಮಕ್ಕಳಲ್ಲಿ ಭೇದವನ್ನು ಕಾಣಲು ಶರಣರ ಮನಸ್ಸು ಒಡಂಬಡಲಿಲ್ಲ. ಆ ತಂದೆಯರಿಬ್ಬರೂ ಘೋರವಾದ ಶಿಕ್ಷೆಯಿಂದ ಪ್ರಾಣವನ್ನು ತೆತ್ತರು. ಶರಣರು ಚದರಿಹೋದರು. 1168ರ ಸುಮಾರಿಗೆ ಬಿಜ್ಜಳನ ಕಾಲವೂ ಮುಗಿದು ಮಗನಾದ ಸೋವಿದೇವನು ಪಟ್ಟವೇರಿದನು.

ಕಲ್ಯಾಣವನ್ನು ಬಿಟ್ಟವರು ಕೊಂಡುಹೋದುದು ಹೊನ್ನನ್ನಲ್ಲ, ವಚನಗಳನ್ನು. ಅವು ಓಲೆಗರಿಗಳ ಮೇಲೆ ಪ್ರತಿಯಿಂದ ಪ್ರತಿಗೆ ಇಳಿಯುತ್ತ ಮಠಗಳಲ್ಲಿಯೂ ಭಕ್ತರ ಮನೆಗಳ ಜಗಲಿಗಳ ಮೇಲೆಯೂ ಶತಮಾನಗಳನ್ನು ಕಳೆದುವು; ಎಷ್ಟೋ ಕಡೆ ಕಟ್ಟು ಬಿಚ್ಚದೆ ಕೇವಲ ಪೂಜೆಯನ್ನು ಪಡೆದುವು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅಂಥ ಕಟ್ಟುಗಳನ್ನು ಬಿಚ್ಚಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಅಚ್ಚು ಹಾಕಿಸಿದರು.